ಬಿಸಿನೀರಿನ ಕೊಳವೆಯೂ ಬಸಿನೀರಿನ ಕೊಳವೆಯೂ

ನಮ್ಮ ವಿದ್ಯಾರ್ಥಿನಿನಿಲಯದಲ್ಲಿ ಈಗ ಸ್ನಾನಕ್ಕೆ ಗೀಸರುಗಳಿವೆ. ಕಂಪ್ಯೂಟರ್ ಕೊಠಡಿಯಲ್ಲಿ ಏ.ಸಿ. ಯಂತ್ರವಿದೆ, ಊಟದ ಶಾಲೆಯ ಹೊರಗೆ ಕುಡಿಯುವ ನೀರನ್ನು ತಂಪುಮಾಡುವ ಕೂಲರ್ ಇದೆ. ಇವುಗಳನ್ನು ಕೊಳ್ಳುವುದಕ್ಕೆ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಧಾರಾಳವಾಗಿ ನೆರವಾಗಿರುವರು. ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಇಂಥ ಯಂತ್ರಗಳುಂಟು. ಯಂತ್ರದ ಬೆಲೆಯನ್ನೂ ಹೆಸರನ್ನೂ ಎಲ್ಲರೂ ವಿಚಾರಿಸುತ್ತಾರೆ. ಅದಕ್ಕೆ ಜೋಡಿಸಿದ ಕೊಳವೆಗಳ ವಿಷಯವನ್ನು ಕೇಳುವವರು ವಿರಳ. ಆದರೆ ಯಂತ್ರವು ಎಷ್ಟೇ ಉತ್ತಮವಾಗಿದ್ದರೂ ಕೊಳವೆಯ ಜೋಡಣೆ ಕೆಟ್ಟಿದ್ದರೆ ಉಪಕಾರಕ್ಕೆಂದು ತಂದ ವಸ್ತುವೇ ಅಪಾಯಕ್ಕೆ ಕಾರಣವಾಗುವುದು.

ಈ ವಿಷಯದಲ್ಲಿ ತಿಳಿಯತಕ್ಕ ನಿಯಮಗಳು ಮೂರೇ ಮೂರು. ಹಿಗ್ಗುವ ನೀರಿಗೆ ಹೊರದಾರಿಯನ್ನು ಮುಚ್ಚಬಾರದು. ಬಸಿಯುವ ನೀರಿಗೆ ಇಳಿಜಾರನ್ನು ತಪ್ಪಿಸಬಾರದು. ಒಮ್ಮೆ ಹೊರಗೆ ಹೋದ ನೀರು ಮರಳಿ ಒಳಗೆ ಬರಬಾರದು. ಇವುಗಳನ್ನು ಒಂದೊಂದಾಗಿ ವಿವರಿಸುವೆವು.

ಮೊದಲನೆಯದು: ಗೀಸರು

ನಮ್ಮ ಹಿರಿಯರ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆಯಿತ್ತು. ಅದರ ಬಾಯಿ ತೆರೆದಿದ್ದುದರಿಂದ ನೀರು ಎಷ್ಟು ಕುದಿದರೂ ಆವಿಯು ಸುಲಭವಾಗಿ ಹೊರಬೀಳುತ್ತಿತ್ತು. ಅನಂತರ ತಾಮ್ರದ ಬಾಯ್ಲರು ಬಂದಿತು. ಅದರ ನಡುವೆ ಕೆಂಡ ಹಾಕುವ ಕೊಳವೆ. ಪಕ್ಕದ ಲಾಳಿಕೆಯಲ್ಲಿ ತಣ್ಣೀರನ್ನು ಹೊಯ್ದರೆ ಅದು ತಳಕ್ಕಿಳಿದು, ಮೇಲಿದ್ದ ಬಿಸಿನೀರನ್ನು ಮೂತಿಯ ಮೂಲಕ ಹೊರಕ್ಕೆ ನೂಕುತ್ತಿತ್ತು. ಇಂದಿನ ವಿದ್ಯುತ್ ಗೀಸರು ಕೆಲಸ ಮಾಡುವುದೂ ಇದೇ ತತ್ತ್ವದಿಂದಲೇ. ಬಿಸಿನೀರು ಹಗುರ, ತಣ್ಣೀರು ಭಾರ. ಆದುದರಿಂದ ತಣ್ಣೀರನ್ನು ತಳಭಾಗಕ್ಕೆ ಬಿಟ್ಟು ಬಿಸಿನೀರನ್ನು ಮೇಲ್ಭಾಗದಿಂದ ತೆಗೆದುಕೊಳ್ಳಬೇಕು. ನೀಲಿ ಗುರುತಿನ ಕೊಳವೆ ತಣ್ಣೀರಿಗೆ, ಕೆಂಪು ಗುರುತಿನದು ಬಿಸಿನೀರಿಗೆ. ಇವೆರಡನ್ನು ಅದಲುಬದಲಾಗಿ ಜೋಡಿಸಿದರೆ ಬಂದ ತಣ್ಣೀರು ಬಿಸಿನೀರಿನೊಡನೆ ಬೆರೆತು, ಯಂತ್ರವು ಸರಿಯಾಗಿದ್ದರೂ ಉಗುರುಬೆಚ್ಚಗಿನ ನೀರು ಮಾತ್ರ ದೊರೆಯುವುದು.

ಹಂಡೆಗೂ ಗೀಸರಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಗೀಸರು ಎಲ್ಲ ಕಡೆಯೂ ಮುಚ್ಚಿದ ಪಾತ್ರೆ. ಕಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸಿದರೆ ಅದು ಸುಮಾರು ಮೂರನೆಯ ಒಂದು ಲೀಟರಿನಷ್ಟು ಹೆಚ್ಚುತ್ತದೆ. ನೀರನ್ನು ಹತ್ತಿಯಂತೆ ಒತ್ತಿ ಕುಗ್ಗಿಸಲಾಗದು. ಹೆಚ್ಚಿದ ನೀರಿಗೆ ದಾರಿಯಿಲ್ಲದಿದ್ದರೆ ಅದು ಪಾತ್ರೆಯ ಗೋಡೆಗಳನ್ನೇ ಒತ್ತುವುದು. ಉಷ್ಣವನ್ನು ತಡೆಯುವ ಥರ್ಮೋಸ್ಟಾಟು ಕೆಟ್ಟು ನೀರು ಮಿತಿಮೀರಿ ಕಾದರಂತೂ ಅಪಾಯವು ಬಹಳ ಘೋರವಾದದ್ದು. ಏಕೆಂದರೆ ಒಂದು ಲೀಟರ್ ನೀರು ಬಯಲಿನಲ್ಲಿ ಆವಿಯಾದಾಗ 1,600 ಲೀಟರಿಗೂ ಹೆಚ್ಚಿನ ಸ್ಥಳವನ್ನು ಬೇಡುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಆವಿಗೆ ಇರುವ ಈ ಬಲವನ್ನು ಅರಿತೇ, 1679ರಲ್ಲಿ ಆವಿಯ ಅಡಿಗೆಪಾತ್ರೆಯನ್ನು ರಚಿಸಿದ ಫ್ರೆಂಚ್ ವಿಜ್ಞಾನಿ ದೆನಿ ಪಾಪಿನ್ ಎಂಬವನು ಅಂಥ ಪಾತ್ರೆಗೆ ರಕ್ಷಣಾ ವಾಲ್ವನ್ನೂ ಕಲ್ಪಿಸಿದನು. ನಮ್ಮ ಅಡಿಗೆಮನೆಯ ಕುಕ್ಕರಿನ ಮೇಲಿರುವ ತೂಕವು ಅದರ ಸಂತತಿಯೇ.

ಗೀಸರಿನಲ್ಲಿ ಈ ವಾಲ್ವು ತಣ್ಣೀರು ಒಳಬರುವ ಸ್ಥಳದಲ್ಲಿರುತ್ತದೆ. ವಾಲ್ವಿಗೂ ಗೀಸರಿಗೂ ನಡುವೆ ಬೇರೆ ಯಾವ ನಲ್ಲಿಯನ್ನೂ ಇಡಬಾರದು. ಇಟ್ಟರೆ ಯಾರಾದರೊಬ್ಬರು ಅರಿಯದೆ ಅದನ್ನು ತಿರುಗಿಸಿ ಮುಚ್ಚುವರು. ವಾಲ್ವಿನ ಪಕ್ಕದ ಸಣ್ಣ ಮೂತಿಗೆ ಒಂದು ಕೊಳವೆಯನ್ನು ಜೋಡಿಸಿ, ಅದನ್ನು ಇಳಿಜಾರಾಗಿ ತಂದು, ಕಣ್ಣಿಗೆ ಕಾಣುವ ಸ್ಥಳದಲ್ಲಿ ತೆರೆದ ಬಾಯಿಯಾಗಿಯೇ ಬಿಡತಕ್ಕದ್ದು. ನೀರು ಕಾಯುವಾಗ ಅಲ್ಲಿಂದ ಹನಿಗಳು ಬೀಳುವುದು ದೋಷವಲ್ಲ. ಅದು ವಾಲ್ವಿನ ಕರ್ತವ್ಯ. ಗೀಸರು ಆರಿರುವಾಗಲೂ ಎಡೆಬಿಡದೆ ಹನಿದರೆ ಮಾತ್ರ ವಾಲ್ವಿನಲ್ಲಿ ಗಡಸುನೀರಿನ ಸುಣ್ಣ ಕಟ್ಟಿದೆಯೆಂದಾಗಲಿ, ನೀರಿನ ಒತ್ತಡ ಹೆಚ್ಚಿದೆಯೆಂದಾಗಲಿ ತಿಳಿದು ಪರೀಕ್ಷಿಸಬೇಕು.

ನಮ್ಮ ನಿಲಯಕ್ಕೆ ದುರಸ್ತಿಗಾಗಿ ಬಂದ ಕೆಲಸಗಾರನೊಬ್ಬನು ಹೀಗೆ ಹನಿಯುತ್ತಿದ್ದ ಮೂತಿಗೆ ಬಿರಡೆಯನ್ನು ಬಿಗಿದು, “ಅಮ್ಮಾ, ಇನ್ನು ಒಂದು ತೊಟ್ಟೂ ಬೀಳುವುದಿಲ್ಲ” ಎಂದನು. ಅಲ್ಲಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, “ಹಾಗಾದರೆ ಹಿಗ್ಗಿದ ನೀರು ಎಲ್ಲಿಗೆ ಹೋಗಬೇಕು, ಅಣ್ಣಾ?” ಎಂದು ಕೇಳಿದಳು. ಆತನಲ್ಲಿ ಉತ್ತರವಿರಲಿಲ್ಲ. ಬಿರಡೆಯನ್ನು ಆಗಲೇ ತೆಗೆಸಿ ಹೊಸ ವಾಲ್ವನ್ನು ಹಾಕಿಸಿದೆವು. ಅರುವತ್ತು ಹುಡುಗಿಯರು ಪ್ರತಿ ಮುಂಜಾನೆ ಆ ಗೋಡೆಯ ಕೆಳಗೆ ಸ್ನಾನಮಾಡುತ್ತಾರೆಂಬುದನ್ನು ನೆನೆದರೆ ಆ ಪ್ರಶ್ನೆಯ ಬೆಲೆ ತಿಳಿಯುವುದು.

ಬಿಸಿನೀರಿನ ಕೊಳವೆಗೆ ಸಾಧಾರಣ ಪಿ.ವಿ.ಸಿ. ತಕ್ಕದ್ದಲ್ಲ, ಅದು ಬಿಸಿಗೆ ಮೆತ್ತಗಾಗಿ ಜೋಲುತ್ತದೆ. ಬಿಸಿ ತಾಳುವ ಸಿ.ಪಿ.ವಿ.ಸಿ.ಯನ್ನಾಗಲಿ ಲೋಹದ ಕೊಳವೆಯನ್ನಾಗಲಿ ಉಪಯೋಗಿಸಬೇಕು. ಬಾಲಕಿಯರಿಗೆ ಇನ್ನೊಂದು ಮಾತನ್ನು ಕಲಿಸಿರುವೆವು: ಬಕೆಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲುದು.

ಎರಡನೆಯದು: ಏ.ಸಿ. ಯಂತ್ರ

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಎಲ್ಲರೂ ನೋಡಿರುವೆವು. ಆ ಹನಿಗಳು ತಂಬಿಗೆಯೊಳಗಿನಿಂದ ಬಂದವಲ್ಲ. ಗಾಳಿಯಲ್ಲಿದ್ದ ತೇವವೇ ತಣ್ಣನೆಯ ಲೋಹವನ್ನು ಮುಟ್ಟಿ ನೀರಾದದ್ದು. ಏ.ಸಿ. ಯಂತ್ರದ ಒಳಗಿನ ಶೀತಸುರುಳಿಯ ಮೇಲೂ ಹಾಗೆಯೇ ಆಗುತ್ತದೆ. ಆ ನೀರು ಕೆಳಗಿನ ತಟ್ಟೆಯಲ್ಲಿ ಕೂಡಿ, ಸಣ್ಣ ಕೊಳವೆಯಿಂದ ಹೊರಕ್ಕೆ ಹೋಗಬೇಕು.

ಗೀಸರಿನ ನೀರನ್ನು ತೊಟ್ಟಿಯ ಎತ್ತರವು ನೂಕುತ್ತದೆ; ಈ ನೀರನ್ನು ನೂಕುವವರು ಯಾರೂ ಇಲ್ಲ. ಇಳಿಜಾರೊಂದೇ ಅದರ ಬಲ. ಆದುದರಿಂದ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಕೊಳವೆ ಇಳಿಯುತ್ತಲೇ ಇರಬೇಕು. ನಡುವೆ ಒಂದು ಕಡೆ ಮೇಲಕ್ಕೆದ್ದು ಮತ್ತೆ ಇಳಿದರೆ ಅಲ್ಲಿ ನೀರು ನಿಂತು, ಲೋಳೆ ಬೆಳೆದು, ದಾರಿ ಕಟ್ಟಿಕೊಳ್ಳುವುದು. ತಟ್ಟೆ ತುಂಬಿ ಗೋಡೆಯ ಮೇಲೆ ನೀರಿಳಿಯುವುದು. ಕೊಳವೆಯ ತುದಿ ಬಕೆಟಿನ ನೀರಿನಲ್ಲಿ ಮುಳುಗಿರಲೂ ಬಾರದು. ಯಂತ್ರವನ್ನು ಕೂಡಿಸಿದ ದಿನವೇ ತಟ್ಟೆಗೆ ಒಂದು ಲೋಟ ನೀರು ಹೊಯ್ದು, ಅದು ತಡೆಯಿಲ್ಲದೆ ಹೊರಗೆ ಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೆಲಸಗಾರನನ್ನು ಕಳುಹಿಸಬೇಕು. ಪ್ರತಿ ಬೇಸಗೆಯ ಮೊದಲು ತಟ್ಟೆಯನ್ನೂ ಕೊಳವೆಯನ್ನೂ ಶುಚಿಮಾಡಿಸಬೇಕು.

ಈ ಕೊಳವೆಯನ್ನು ಮುಚ್ಚಿದ ಚರಂಡಿಗೆ ನೇರವಾಗಿ ಸೇರಿಸುವುದು ಸಲ್ಲದು. ಚರಂಡಿಯ ದುರ್ವಾಸನೆಯೂ ಹುಳುಗಳೂ ಅದೇ ದಾರಿಯಿಂದ ಕೊಠಡಿಗೆ ಬರುವುವು. ವಾಸನೆಯನ್ನು ತಡೆಯುವುದಕ್ಕೆ ಬಾಗಿದ ಕೊಳವೆಯಲ್ಲಿ ನೀರನ್ನು ನಿಲ್ಲಿಸುವ ಉಪಾಯವುಂಟು. ಅಲೆಕ್ಸಾಂಡರ್ ಕಮ್ಮಿಂಗ್ ಎಂಬವನು 1775ರಲ್ಲಿ ಶೌಚದ ಪಾತ್ರೆಗೆ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಆದರೆ ಚಳಿಗಾಲದಲ್ಲಿ ಏ.ಸಿ. ನಡೆಯದಿರುವಾಗ ಬಾಗಿನ ನೀರು ಒಣಗಿ ಕಾವಲು ಇಲ್ಲದಂತಾಗುವುದು. ಆದುದರಿಂದ ಬಯಲಿನಲ್ಲಿ, ತೆರೆದ ಮೋರಿಯ ಮೇಲೆ ತುದಿಯನ್ನು ಬಿಡುವುದೇ ಲೇಸು.

ಬಸಿದ ನೀರು ತಿಳಿಯಾಗಿ ಕಂಡರೂ ಕುಡಿಯತಕ್ಕದ್ದಲ್ಲ. ಸುರುಳಿಯ ಧೂಳೂ ಕ್ರಿಮಿಗಳೂ ಅದರಲ್ಲಿರುತ್ತವೆ. ನೆಲ ಒರೆಸುವುದಕ್ಕೂ ಗಿಡಗಳಿಗೂ ಅದು ಒಳ್ಳೆಯದು. ಬಚ್ಚಲ ನೀರನ್ನು ಬಾಳೆಗೂ ಬಸಳೆಗೂ ಹರಿಸಿದ ನಮ್ಮ ತಾಯಂದಿರು ಅದನ್ನೂ ವ್ಯರ್ಥಮಾಡುತ್ತಿರಲಿಲ್ಲ. ಆದರೆ ಬಕೆಟಿನಲ್ಲಿ ವಾರಗಟ್ಟಲೆ ನಿಲ್ಲಿಸಬಾರದು. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ.

ಮೂರನೆಯದು: ಕುಡಿಯುವ ನೀರಿನ ಕೂಲರ್

ಮೂರನೆಯ ನಿಯಮವು ಎಲ್ಲಕ್ಕಿಂತ ಗಂಭೀರವಾದದ್ದು. ಅಮೇರಿಕಾದ ಷಿಕಾಗೋ ನಗರದಲ್ಲಿ 1933ರಲ್ಲಿ ಲೋಕಪ್ರದರ್ಶನವು ನಡೆದಾಗ, ಎರಡು ಹೋಟೆಲುಗಳಲ್ಲಿ ಕೊಳವೆಗಳ ಕೆಟ್ಟ ಜೋಡಣೆಯಿಂದ ಮಲಿನಜಲವು ಕುಡಿಯುವ ನೀರಿಗೆ ಸೇರಿತು. ಸುಮಾರು 1,400 ಮಂದಿ ಅಮೀಬಾ ಆಮಶಂಕೆಗೆ ತುತ್ತಾದರು. 98 ಮಂದಿ ಮೃತರಾದರು. ಅತಿಥಿಗಳ ಕಣ್ಣಿಗೆ ಕಂಡದ್ದು ತಣ್ಣನೆಯ ಶುಭ್ರವಾದ ನೀರು. ಗೋಡೆಯ ಹಿಂದಿನ ಕೊಳವೆಯನ್ನು ಕಂಡವರಾರು?

ಕೊಳವೆಯಲ್ಲಿ ಒತ್ತಡ ತಗ್ಗಿದಾಗ ನೀರು ಹಿಂದಕ್ಕೆ ಎಳೆಯಲ್ಪಡುವುದೆಂಬುದನ್ನು ನೆನಪಿಡಬೇಕು. ದಿನಕ್ಕೆ ಕೆಲವು ಗಂಟೆ ಮಾತ್ರ ನೀರು ಬರುವ ನಮ್ಮ ಊರುಗಳಲ್ಲಿ ಇದು ಅಪೂರ್ವವಲ್ಲ. ನಲ್ಲಿಯ ರಬ್ಬರ್ ಕೊಳವೆ ಕೊಳೆನೀರಿನ ಬಕೆಟಿನಲ್ಲಿ ಮುಳುಗಿದ್ದರೆ ಆ ಕೊಳೆ ಕೊಳವೆಯೊಳಕ್ಕೆ ಹೋಗಬಹುದು. ಆದುದರಿಂದ ಕೂಲರಿನ ಕೆಳಗಿನ ಚೆಲ್ಲುನೀರಿನ ಕೊಳವೆಯು ಮೋರಿಯನ್ನು ಮುಟ್ಟದೆ, ತನ್ನ ವ್ಯಾಸದ ಎರಡರಷ್ಟಾದರೂ ಅಂತರವನ್ನಿಟ್ಟು ಮೇಲಿನಿಂದ ಬೀಳಬೇಕು. ನಡುವೆ ಇರುವ ಆ ಗಾಳಿಯ ಅಂತರವನ್ನು ಕೊಳೆನೀರು ದಾಟಲಾರದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗೆ ಕೆಲಸಗಾರನು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಹಿಗ್ಗಿದ ನೀರು ಎಲ್ಲಿಗೆ ಹೋಗುವುದು? ಬಸಿದ ನೀರು ಎಲ್ಲಿಯೂ ನಿಲ್ಲದೆ ಇಳಿಯುವುದೇ? ಹೋದ ನೀರು ಹಿಂದಿರುಗುವ ದಾರಿಯುಂಟೇ? ಉತ್ತರ ದೊರೆಯುವ ತನಕ ಕೂಲಿಯನ್ನು ಕೊಡಬೇಡಿರಿ. ನಿಮ್ಮ ಹೆಣ್ಣುಮಕ್ಕಳನ್ನೂ ಆಗ ಹತ್ತಿರ ನಿಲ್ಲಿಸಿಕೊಳ್ಳಿರಿ. ಇದು ಗಂಡಸರ ಕೆಲಸವೆಂದು ಅವರನ್ನು ಒಳಗೆ ಕಳುಹಿಸಬೇಡಿರಿ. ಚಿಕ್ಕ ಕೆಲಸಗಳಲ್ಲಿ ನಂಬಿಗಸ್ತರಾಗಿರಬೇಕೆಂದು ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಪ್ರತಿದಿನವೂ ಕಲಿಸುತ್ತೇವೆ. ಯಾರೂ ನೋಡದ ಕೊಳವೆಯ ತುದಿಯನ್ನು ಬಗ್ಗಿ ನೋಡುವುದೂ ಅಂಥ ಕೆಲಸಗಳಲ್ಲಿ ಒಂದೆಂದು ನಾವು ಭಾವಿಸುವೆವು.