ಕವಲೊಡೆದ ನಾದ ಮತ್ತೆ ಕೂಡುವಲ್ಲಿ

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಗ್ರಹಿಸುವ ಪಿಕಪ್ ಹುಟ್ಟಿಸುವ ಸಂಕೇತ ತೀರ ಕ್ಷೀಣವಾದದ್ದು. ಅದಕ್ಕೆ ಕೇಳುಗರು ಗುರುತಿಸಬಲ್ಲ ಕಂಠವನ್ನು ಕೊಡುವುದು ಆಂಪ್ಲಿಫೈಯರ್, ವಾದಕರ ಮಾತಿನಲ್ಲಿ ‘ಆಂಪ್’. ಅಮೆರಿಕದ ಫೆಂಡರ್ ಆಂಪುಗಳು ತಿಳಿಯಾದ, ಹೊಳಪಿನ ನಾದಕ್ಕೂ ಬ್ರಿಟನ್ನಿನ ಮಾರ್ಷಲ್ ಆಂಪುಗಳು ಮಧ್ಯದ ಆವರ್ತನಗಳು ಮುಂದಾಗಿ ಗರ್ಜಿಸುವ ನಾದಕ್ಕೂ ಹೆಸರಾಗಿರುವುದರಿಂದ, ಎರಡರ ಗುಣವೂ ಬೇಕೆನಿಸಿದ ವಾದಕರು ಒಂದೇ ಗಿಟಾರನ್ನು ಎರಡು ಮೂರು ಆಂಪುಗಳಿಗೆ ಜೋಡಿಸುವ ಪದ್ಧತಿ ಹಳೆಯದು. ಟೆಕ್ಸಾಸಿನ ಸ್ಟೀವಿ ರೇ ವಾನ್ ಹಲವು ಆಂಪುಗಳನ್ನು ಒಟ್ಟಿಗೆ ಮೊಳಗಿಸಿದರೆ, ಅದೇ ರಾಜ್ಯದ ಎರಿಕ್ ಜಾನ್ಸನ್ ತಿಳಿ ನಾದಕ್ಕೆ, ಒರಟು ನಾದಕ್ಕೆ, ಏಕವಾದನಕ್ಕೆ ಬೇರೆ ಬೇರೆ ಆಂಪುಗಳನ್ನಿಟ್ಟುಕೊಂಡು ಕಾಲಿನಿಂದಲೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಬೆರೆಸುವುದು ಮತ್ತು ಬದಲಾಯಿಸುವುದು ಎಂಬ ಈ ಎರಡು ಅಗತ್ಯಗಳನ್ನು ಪೂರೈಸುತ್ತಿದ್ದ ಕವಲು ಪೆಟ್ಟಿಗೆಗಳು ತಮ್ಮದೇ ತೊಂದರೆಯನ್ನೂ ತರುತ್ತಿದ್ದವು: ಎರಡೂ ಆಂಪುಗಳು ಬೇರೆ ಬೇರೆ ಪ್ಲಗ್ಗುಗಳ ಮೂಲಕ ನೆಲಕ್ಕೆ ತಗುಲಿಕೊಂಡಾಗ ಅವುಗಳ ನಡುವೆ ವಿದ್ಯುತ್ ಸುತ್ತುದಾರಿಯೊಂದು ಏರ್ಪಟ್ಟು, ಅಮೆರಿಕದಲ್ಲಿ 60 ಹರ್ಟ್ಜ್, ಭಾರತ ಮತ್ತು ಯುರೋಪಿನಲ್ಲಿ 50 ಹರ್ಟ್ಜ್ ಆವರ್ತನದ ಗುಂಯ್‌ಗುಟ್ಟುವಿಕೆ ನಾದದೊಳಗೆ ನುಸುಳುತ್ತಿತ್ತು.

ಆಂಪುಗಳನ್ನೇ ಲೆಕ್ಕಾಚಾರದಿಂದ ಅನುಕರಿಸುವ ಡಿಜಿಟಲ್ ಪ್ರೊಸೆಸರ್ ಈ ತೊಂದರೆಯನ್ನು ಬೇರುಸಹಿತ ತೆಗೆದುಹಾಕಿತು. 1998ರಲ್ಲಿ ಬಂದ ಲೈನ್ 6 ಕಂಪನಿಯ ‘ಪಾಡ್’ ಎಂಬ ಪೆಟ್ಟಿಗೆ ಆಂಪುಗಳ ಗಣಿತೀಯ ಪ್ರತಿರೂಪಗಳನ್ನು ಮನೆಮಾತಾಗಿಸಿತು. 2008ರ ಬಾಸ್ ಜಿಟಿ-10, 2015ರ ಲೈನ್ 6 ಹೀಲಿಕ್ಸ್, ಫ್ರ್ಯಾಕ್ಟಲ್ ಆಡಿಯೊದ ಆಕ್ಸ್-ಎಫ್‌ಎಕ್ಸ್ ಸರಣಿ ಮೊದಲಾದವು ಒಂದೇ ಪೆಟ್ಟಿಗೆಯೊಳಗೆ ಎರಡು ಆಂಪುಗಳನ್ನು ಸಮಾಂತರ ಹಾದಿಗಳಲ್ಲಿ ಓಡಿಸುವುದನ್ನು ಸಾಮಾನ್ಯವಾಗಿಸಿದವು. ಎರಡು ಆಂಪುಗಳನ್ನು ಏಕಕಾಲಕ್ಕೆ ಲೆಕ್ಕ ಹಾಕುವುದು ಪ್ರೊಸೆಸರಿನ ಸಾಮರ್ಥ್ಯದ ದೊಡ್ಡ ಪಾಲನ್ನು ನುಂಗುತ್ತದೆಂಬುದು ನಿಜ. ಆದರೆ ಇಂಥ ಯಂತ್ರವನ್ನು ಕೊಂಡವರ ಗಮನವೆಲ್ಲ ಯಾವ ಆಂಪಿನ ಪ್ರತಿರೂಪವನ್ನು ಆರಿಸಬೇಕೆಂಬುದರಲ್ಲೇ ಮುಗಿದುಹೋಗುವುದು ಅದಕ್ಕಿಂತ ದೊಡ್ಡ ನಷ್ಟ, ಏಕೆಂದರೆ ಬೆರಕೆಯ ನಾದದ ಹಣೆಬರಹ ನಿರ್ಧಾರವಾಗುವುದು ಆಂಪುಗಳ ಹೆಸರಿಗಿಂತ ಹೆಚ್ಚಾಗಿ ಹಾದಿ ಒಡೆಯುವ ಮತ್ತು ಕೂಡುವ ಎರಡು ಬಿಂದುಗಳಲ್ಲಿ.

ಹೀಲಿಕ್ಸನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಅದರಲ್ಲಿ ಹಾದಿಯನ್ನು ಒಡೆಯುವ ವಿಧಾನಗಳು ಹಲವು. ‘ವೈ’ ಎಂಬ ವಿಧಾನ ಒಂದೇ ಸಂಕೇತವನ್ನು ಎರಡೂ ಹಾದಿಗಳಿಗೆ ಕಳಿಸುತ್ತದೆ. ‘ಎ/ಬಿ’ ವಿಧಾನದಲ್ಲಿ ಸಂಕೇತ ಯಾವ ಹಾದಿಗೆ ಎಷ್ಟು ಹೋಗಬೇಕೆಂಬುದನ್ನು ಕಾಲಿನ ಪೆಡಲಿನಿಂದ ಸರಿಹೊಂದಿಸಬಹುದು. ‘ಕ್ರಾಸ್‌ಓವರ್’ ವಿಧಾನವು ಗೊತ್ತುಪಡಿಸಿದ ಆವರ್ತನಕ್ಕಿಂತ ಕೆಳಗಿನದನ್ನು ಒಂದು ಹಾದಿಗೂ ಮೇಲಿನದನ್ನು ಇನ್ನೊಂದಕ್ಕೂ ಹಂಚುತ್ತದೆ. ಇವೆಲ್ಲಕ್ಕಿಂತ ವಾದಕರ ಕೈಗೆ ಹತ್ತಿರವಾದದ್ದು ‘ಡೈನಮಿಕ್’ ವಿಧಾನ: ತಂತಿಯನ್ನು ಮೆಲ್ಲಗೆ ಮೀಟಿದಾಗ ಸಂಕೇತ ಒಂದು ಹಾದಿಯನ್ನೂ, ಬಲವಾಗಿ ಮೀಟಿ ಅದು ನಿಗದಿತ ಮಟ್ಟವನ್ನು ದಾಟಿದಾಗ ಇನ್ನೊಂದು ಹಾದಿಯನ್ನೂ ಹಿಡಿಯುವುದರಿಂದ, ಯಾವ ಗುಂಡಿಯನ್ನೂ ಒತ್ತದೆ ಬೆರಳಿನ ಬಲದಿಂದಲೇ ಆಂಪ್ ಬದಲಾಗುತ್ತದೆ. ಬಾಸ್ ಜಿಟಿ ಸರಣಿಯಲ್ಲಿಯೂ ಇರುವ ಈ ಸೌಲಭ್ಯವನ್ನು ಬಳಸುವವರು ಕಡಿಮೆ, ಅದರಿಂದ ದೊರೆಯುವ ಭಾವಪ್ರಕಾಶ ಮಾತ್ರ ದೊಡ್ಡದು.

ಹಾದಿಗಳು ಎಲ್ಲಿ ಕೂಡಬೇಕೆಂಬ ಪ್ರಶ್ನೆಗೆ ಉತ್ತರ ಡಿಸ್ಟಾರ್ಷನ್ನಿನ, ಅಂದರೆ ತರಂಗದ ನೆತ್ತಿ ಕತ್ತರಿಸಿಹೋಗುವುದರಿಂದ ಹುಟ್ಟುವ ಒರಟುತನದ, ಸ್ವಭಾವದಲ್ಲಿದೆ. 220 ಹರ್ಟ್ಜಿನ ಷಡ್ಜ ಮತ್ತು 330 ಹರ್ಟ್ಜಿನ ಪಂಚಮಗಳನ್ನು ಒಟ್ಟಿಗೆ ಡಿಸ್ಟಾರ್ಷನ್ನಿನ ಮೂಲಕ ಹಾಯಿಸಿದರೆ, ಎರಡರಲ್ಲಿಯೂ ಇಲ್ಲದ 110 ಹರ್ಟ್ಜಿನ ಮಂದ್ರ ಷಡ್ಜವೂ 550 ಹರ್ಟ್ಜಿನಂಥ ಇತರ ಸ್ವರಗಳೂ ಹೊಸದಾಗಿ ಹುಟ್ಟುತ್ತವೆ. ರಾಕ್ ಸಂಗೀತದಲ್ಲಿ ಎರಡೇ ಸ್ವರಗಳ ಜೋಡಿ ಅಷ್ಟು ಭಾರವಾಗಿ ಕೇಳುವುದಕ್ಕೆ ಇದೂ ಒಂದು ಕಾರಣ. ಇಂಥ ಹೊಸ ಸ್ವರಗಳು ಹುಟ್ಟುವುದು ಎರಡು ಸಂಕೇತಗಳು ಡಿಸ್ಟಾರ್ಷನ್ನಿಗೆ ಮೊದಲೇ ಕೂಡಿದ್ದಾಗ ಮಾತ್ರ, ಆಮೇಲೆ ಕೂಡಿದರೆ ಪ್ರತಿಯೊಂದೂ ತನ್ನ ಗುಣವನ್ನು ಉಳಿಸಿಕೊಂಡೇ ಪಕ್ಕದಲ್ಲಿ ನಿಲ್ಲುತ್ತದೆ. ಬಾಸ್ ಗಿಟಾರ್ ವಾದಕ ಬಿಲ್ಲಿ ಶೀಹನ್ ತಮ್ಮ ವಾದ್ಯಕ್ಕೆ ಎರಡು ಹೊರದಾರಿಗಳನ್ನಿಟ್ಟುಕೊಂಡು, ಕುತ್ತಿಗೆಯ ಬಳಿಯ ಪಿಕಪ್ಪಿನ ಆಳವಾದ ನಾದವನ್ನು ತಿಳಿಯಾಗಿಯೇ ಉಳಿಸಿ, ಇನ್ನೊಂದನ್ನು ಮಾತ್ರ ಒರಟಾಗಿಸಿದ್ದು ಈ ತತ್ತ್ವದ ಮೇಲೆಯೇ. ಕ್ರಾಸ್‌ಓವರ್ ವಿಧಾನ ಅದನ್ನು ಇಂದು ಒಂದೇ ಹೊರದಾರಿಯ ಸಂಕೇತದಿಂದ ಸಾಧಿಸಿಕೊಡುತ್ತದೆ. ಸ್ಪೀಕರ್ ಪೆಟ್ಟಿಗೆಯ ಪ್ರತಿರೂಪವಾದರೋ ರೇಖೀಯ, ಅಂದರೆ ಅದು ಹೊಸ ಆವರ್ತನಗಳನ್ನು ಹುಟ್ಟಿಸದೆ, ಇರುವುದನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಆದ್ದರಿಂದ ಎರಡು ಆಂಪುಗಳಿಗೂ ಒಂದೇ ಸ್ಪೀಕರ್ ಸಾಕೆನ್ನುವವರು ಹಾದಿಗಳನ್ನು ಮೊದಲು ಕೂಡಿಸಿ ಆಮೇಲೆ ಒಂದೇ ಸ್ಪೀಕರನ್ನಿಟ್ಟರೂ ನಾದ ಕೂದಲೆಳೆಯಷ್ಟೂ ಬದಲಾಗದು, ಪ್ರೊಸೆಸರಿನ ಶಕ್ತಿ ಮಾತ್ರ ಗಣನೀಯವಾಗಿ ಉಳಿಯುತ್ತದೆ.

ಬೆರಕೆಯ ನಿಜವಾದ ಶತ್ರು ಕಾಲದ ಅಂತರ. ಒಂದು ಹಾದಿಯ ಸಂಕೇತ ಇನ್ನೊಂದಕ್ಕಿಂತ ಕೇವಲ 1 ಮಿಲಿಸೆಕೆಂಡ್ ತಡವಾಗಿ ಬಂದು ಅದೇ ಪ್ರಮಾಣದಲ್ಲಿ ಕೂಡಿಕೊಂಡರೆ, 500 ಹರ್ಟ್ಜಿನಲ್ಲಿ ಒಂದು ತರಂಗದ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ, 1000 ಹರ್ಟ್ಜಿನಲ್ಲಿ ಏರಿಗೆ ಏರು ಸೇರಿ ನಾದ ಇಮ್ಮಡಿಸುತ್ತದೆ, 1500 ಮತ್ತು 2500 ಹರ್ಟ್ಜುಗಳಲ್ಲಿ ಮತ್ತೆ ಅಳಿಯುತ್ತದೆ; ನಕ್ಷೆಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಕಾಣುವ ಈ ತಗ್ಗುಗಳಿಂದಾಗಿ ದಪ್ಪವಾಗಬೇಕಿದ್ದ ನಾದ ಟೊಳ್ಳಾಗುತ್ತದೆ. ತಂತಿಯನ್ನು ಎಳೆದು ಸ್ವರವನ್ನು ಜಾರಿಸುವ ವಾದಕರಿಗೆ ಇದರ ಪೆಟ್ಟು ಹೆಚ್ಚು, ಏಕೆಂದರೆ ಜಾರುವ ಸ್ವರ ತನ್ನ ಉಪಸ್ವರಗಳೊಡನೆ ಒಂದೊಂದೇ ತಗ್ಗನ್ನು ದಾಟುವಾಗ ಅದರ ಬಣ್ಣ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಗಮಕಪ್ರಧಾನವಾದ ಕರ್ನಾಟಕ ಸಂಗೀತವನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸುವವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕಾಗುತ್ತದೆ. ತಡ ಉಂಟಾಗುವ ಎಡೆಗಳು ಹಲವು: ಶ್ರುತಿ ಬದಲಿಸುವ ಎಫೆಕ್ಟುಗಳಿಗೆ ಲೆಕ್ಕ ಹಾಕಲು ಸಮಯ ಬೇಕು, ಹೊರಗಿನ ಪೆಡಲಿಗೆ ಹೋಗಿ ಬರುವ ಸಂಕೇತ ಡಿಜಿಟಲಿನಿಂದ ಅನಲಾಗಿಗೂ ಅಲ್ಲಿಂದ ಮತ್ತೆ ಡಿಜಿಟಲಿಗೂ ಬದಲಾಗಬೇಕು, ಸ್ಪೀಕರ್ ಪ್ರತಿರೂಪಗಳಲ್ಲಿ ಒಂದರ ಮೈಕು ಇನ್ನೊಂದಕ್ಕಿಂತ 34 ಸೆಂಟಿಮೀಟರ್ ದೂರವಿದ್ದರೆ ಗಾಳಿಯಲ್ಲಿ ಸದ್ದು ಪಯಣಿಸುವ ವೇಗದ ಲೆಕ್ಕದಲ್ಲಿ ಅದೇ 1 ಮಿಲಿಸೆಕೆಂಡ್ ಆಗುತ್ತದೆ.

ಧ್ರುವತೆಯ, ಅಂದರೆ ತರಂಗ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂಬ ಪ್ರಶ್ನೆ ಇದಕ್ಕೆ ಹತ್ತಿರದ್ದಾದರೂ ಬೇರೆಯದು. ವಾಲ್ವ್ ಆಂಪಿನ ಸಾಮಾನ್ಯ ವರ್ಧನ ಹಂತ ತರಂಗವನ್ನು ತಲೆಕೆಳಗು ಮಾಡಿಯೇ ಮುಂದಕ್ಕೆ ಕಳಿಸುತ್ತದೆ, ಹೀಗಾಗಿ ಹಂತಗಳ ಸಂಖ್ಯೆ ಬೇರೆಯಾದ ಎರಡು ಆಂಪುಗಳ ತರಂಗಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿರಬಹುದು. 1960ರ ದಶಕದ ಅನೇಕ ಕಪ್ಪುಮುಖದ ಫೆಂಡರ್ ಆಂಪುಗಳಲ್ಲಿ ‘ವೈಬ್ರಾಟೊ’ ಚಾನೆಲಿಗೆ ಒಂದು ಹಂತ ಹೆಚ್ಚಿದ್ದ ಕಾರಣ ಅದು ಅದೇ ಪೆಟ್ಟಿಗೆಯ ‘ನಾರ್ಮಲ್’ ಚಾನೆಲಿಗೆ ವಿರುದ್ಧವಾಗಿತ್ತು. ನಿಷ್ಠೆಯಿಂದ ರಚಿಸಿದ ಪ್ರತಿರೂಪಗಳಿಗೂ ಈ ಗುಣ ಬರುವುದು ಸಹಜ. ಹೀಲಿಕ್ಸಿನ ಕೂಡುಬಿಂದುವಿನಲ್ಲಿ ‘ಬಿ’ ಹಾದಿಯ ಧ್ರುವತೆಯನ್ನು ತಿರುಗಿಸುವ ಆಯ್ಕೆಯನ್ನಿಟ್ಟಿರುವುದು ಇಂಥ ಸಂದರ್ಭಕ್ಕೆಂದೇ.

ಪೆಡಲಿನಿಂದ ಒಂದು ಆಂಪಿನಿಂದ ಇನ್ನೊಂದಕ್ಕೆ ಸರಿಯುವಾಗ ನಡುದಾರಿಯಲ್ಲಿ ಸದ್ದು ತಗ್ಗುವುದೋ ಉಬ್ಬುವುದೋ ಎಂಬುದು ಇನ್ನೊಂದು ಸೂಕ್ಷ್ಮ ವಿಚಾರ. ಪೂರ್ತಿ ಒಂದೇ ಆಗಿರುವ ಎರಡು ಸಂಕೇತಗಳು ಕೂಡಿದರೆ ಮಟ್ಟ 6 ಡೆಸಿಬೆಲ್ ಏರುತ್ತದೆ, ಸಂಬಂಧವೇ ಇಲ್ಲದವು ಕೂಡಿದರೆ 3 ಡೆಸಿಬೆಲ್. ಒಂದೇ ಗಿಟಾರನ್ನು ಎರಡು ಬಗೆಯಲ್ಲಿ ನುಡಿಸುವ ಆಂಪುಗಳು ಈ ಎರಡರ ನಡುವೆ ಎಲ್ಲೋ ಬೀಳುವುದರಿಂದ, ಮಧ್ಯಬಿಂದುವಿನಲ್ಲಿ ಪ್ರತಿ ಹಾದಿಯನ್ನು ಎಷ್ಟು ತಗ್ಗಿಸಬೇಕೆಂಬುದಕ್ಕೆ ಸಿದ್ಧ ಸೂತ್ರವಿಲ್ಲ, ಕಿವಿಯೇ ಪ್ರಮಾಣ. ಥಟ್ಟನೆ ಬದಲಾಯಿಸುವವರಿಗೆ ಬೇರೆ ಎಚ್ಚರ ಬೇಕು. ಇಡೀ ಪ್ರಿಸೆಟ್ಟನ್ನೇ, ಅಂದರೆ ಉಳಿಸಿಟ್ಟ ಹೊಂದಾಣಿಕೆಗಳ ಪೂರ್ತಿ ಗುಚ್ಛವನ್ನೇ, ಬದಲಾಯಿಸಿದರೆ ಹೊಸ ಆಂಪನ್ನು ಪ್ರೊಸೆಸರಿಗೆ ತುಂಬಿಸುವಷ್ಟು ಹೊತ್ತು ಅನೇಕ ಯಂತ್ರಗಳಲ್ಲಿ ನಾದ ಕಡಿದುಹೋಗುತ್ತದೆ. ಒಂದೇ ಪ್ರಿಸೆಟ್ಟಿನೊಳಗೆ ಎರಡು ಆಂಪುಗಳನ್ನೂ ಸಮಾಂತರವಾಗಿ ಓಡುತ್ತಲೇ ಇರಿಸಿ, ಹೀಲಿಕ್ಸಿನ ‘ಸ್ನ್ಯಾಪ್‌ಶಾಟ್’ ಅಥವಾ ಫ್ರ್ಯಾಕ್ಟಲಿನ ‘ಸೀನ್’ ಮೂಲಕ ಹಾದಿಯನ್ನಷ್ಟೇ ಬದಲಾಯಿಸಿದರೆ ಕಡಿತವೂ ಇಲ್ಲ, ಕೂಡುಬಿಂದುವಿನ ನಂತರ ಇಟ್ಟ ಡಿಲೇ ಮತ್ತು ರಿವರ್ಬುಗಳ ಅನುರಣನವೂ ಹಿಂದಿನ ಸ್ವರವನ್ನು ಮುಗಿಯುವವರೆಗೆ ಹೊತ್ತುಕೊಂಡಿರುತ್ತದೆ.

ಒಂದು ಆಂಪನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ಹಂಚಿ ಹೆಡ್‌ಫೋನಿನಲ್ಲಿ ಕೇಳಿದಾಗ ಈ ದೋಷಗಳೆಲ್ಲ ಮರೆಯಾಗುತ್ತವೆ, ಏಕೆಂದರೆ ಎರಡು ಸಂಕೇತಗಳು ಅಲ್ಲಿ ಕೂಡುವುದೇ ಇಲ್ಲ. ಸಭಾಂಗಣದ ಧ್ವನಿವರ್ಧಕ ವ್ಯವಸ್ಥೆ ಎಡಬಲಗಳನ್ನು ಒಂದುಗೂಡಿಸಿದ ಕ್ಷಣವೇ ಅವು ಬಯಲಾಗುತ್ತವೆ. ಆದ್ದರಿಂದ ಹೊಂದಾಣಿಕೆಯನ್ನು ಎರಡೂ ಹಾದಿಗಳನ್ನು ನಡುವಿಗೆ ತಂದು ಮಾಡುವುದು ಒಳ್ಳೆಯದು. ಒಂದು ಹಾದಿಯ ಧ್ರುವತೆಯನ್ನು ಉದ್ದೇಶಪೂರ್ವಕವಾಗಿ ತಿರುಗಿಸಿ, ನಾದ ಅತ್ಯಂತ ಬಡಕಲಾಗುವವರೆಗೆ ಮಟ್ಟವನ್ನೂ, ಅತಿಸಣ್ಣ ಪ್ರಮಾಣದ ಡಿಲೇಯನ್ನೂ ಸರಿಹೊಂದಿಸಿ, ಬಳಿಕ ಧ್ರುವತೆಯನ್ನು ಮೊದಲಿನಂತೆ ಮಾಡಿದರೆ ಎರಡು ಆಂಪುಗಳು ಗರಿಷ್ಠ ಒಮ್ಮತದಲ್ಲಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಒಂದು ಹಾದಿಯನ್ನು ಬೇಕೆಂದೇ ಕೂದಲೆಳೆಯಷ್ಟು ಹಿಂದೆ ಸರಿಸಿ, ಕಿವಿಗೆ ಕರ್ಕಶವೆನಿಸುವ ಆವರ್ತನದ ಮೇಲೆಯೇ ತಗ್ಗೊಂದು ಬೀಳುವಂತೆ ಮಾಡುವುದೂ ಸಾಧ್ಯ. ಒಂದೇ ಸ್ಪೀಕರಿನ ಮುಂದೆ ಎರಡು ಮೈಕುಗಳನ್ನಿಟ್ಟು ಅವುಗಳ ಅಂತರವನ್ನು ಬೆರಳಳತೆಯಲ್ಲಿ ಬದಲಿಸುವ ಧ್ವನಿಮುದ್ರಣ ತಂತ್ರಜ್ಞರು ಮಾಡುವುದೂ ಇದನ್ನೇ.