ಆಲ್ಪ್ಸ್ ತಪ್ಪಲಿನ ಕ್ರಿಸ್‌ಮಸ್ ಸಂತೆ

ಡಿಸೆಂಬರ್ ತಿಂಗಳ ಮಧ್ಯಭಾಗ. ಸಂಜೆ ಇನ್ನೂ ನಾಲ್ಕೂವರೆ. ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರದಲ್ಲಿ ಆಗಲೇ ಸೂರ್ಯ ಮುಳುಗಿ ಕತ್ತಲು ಕವಿಯುತ್ತಿರುತ್ತದೆ. ಹಳೆಯ ಪೇಟೆಯ ಇಕ್ಕಟ್ಟಾದ ಚೌಕದಲ್ಲಿ ಸಾಲು ಸಾಲು ಮರದ ಅಂಗಡಿಗಳು. ಒಂದೆಡೆ ಎಣ್ಣೆಯಲ್ಲಿ ಕರಿಯುವ ತಿಂಡಿಯ ಸದ್ದು, ಇನ್ನೊಂದೆಡೆ ದಾಲ್ಚಿನ್ನಿ, ಲವಂಗದ ಘಮ. ಚೌಕದ ತುದಿಯಲ್ಲಿ ಸುಮಾರು 1500ರಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್‌ಗಾಗಿ ಕಟ್ಟಿದ ಮೊಗಸಾಲೆ. ಅದರ ಚಾವಣಿಗೆ ಚಿನ್ನದ ಲೇಪವಿರುವ 2,657 ತಾಮ್ರದ ಹೆಂಚುಗಳು. ಅಲ್ಲಿ ನಿಂತ ವಾದ್ಯಗಾರರು ಹಿತ್ತಾಳೆಯ ತುತ್ತೂರಿ ಊದತೊಡಗಿದರೆ ಕೆಳಗಿನ ಜನಜಂಗುಳಿ ಕ್ಷಣಕಾಲ ಸ್ತಬ್ಧ. ಹಿನ್ನೆಲೆಯಲ್ಲಿ ಎರಡು ಸಾವಿರ ಮೀಟರಿಗೂ ಎತ್ತರದ ಪರ್ವತಸಾಲು ಗೋಡೆಯಂತೆ ನಿಂತಿರುತ್ತದೆ.

ಇದು ಕ್ರಿಸ್‌ಮಸ್ ಸಂತೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಕ್ರಿಸ್ಟ್‌ಕಿಂಡ್ಲ್‌ಮಾರ್ಕ್ಟ್', ಅಂದರೆ ಬಾಲಯೇಸುವಿನ ಸಂತೆ ಎಂದು ಹೆಸರು. ಆಸ್ಟ್ರಿಯಾದ ಮಕ್ಕಳಿಗೆ ಡಿಸೆಂಬರ್ 24ರ ಸಂಜೆ ಉಡುಗೊರೆ ತರುವವನು ಕೆಂಪು ಅಂಗಿಯ ಸಾಂಟಾಕ್ಲಾಸ್ ಅಲ್ಲ, ಬಾಲಯೇಸು. ಇನ್ಸ್‌ಬ್ರುಕ್, ಸಾಲ್ಜ್‌ಬರ್ಗ್, ಇಟಲಿಯ ಬೊಲ್ಜಾನೊ, ಆಲ್ಪ್ಸ್ ಪರ್ವತಗಳು ಪೂರ್ವದಲ್ಲಿ ಕೊನೆಗೊಳ್ಳುವ ಕಡೆ ಇರುವ ವಿಯೆನ್ನಾ - ಈ ಎಲ್ಲ ನಗರಗಳಲ್ಲೂ ನವೆಂಬರ್ ಉತ್ತರಾರ್ಧದಿಂದ ಇಂಥ ಸಂತೆಗಳು ನೆರೆಯುತ್ತವೆ.

ಪ್ರವಾಸಿಗರ ಕಣ್ಣಿಗೆ ಇದು ದೀಪಾಲಂಕಾರದ ಜಾತ್ರೆ. ಆದರೆ ಸ್ವಲ್ಪ ನಿಂತು ನೋಡಿದರೆ ಇಲ್ಲಿ ಮಾರಾಟಕ್ಕಿಟ್ಟ ಎಷ್ಟೋ ಸಾಮಾನುಗಳಿಗೆ ಒಂದು ಕಾರಣವಿರುವುದು ಗೊತ್ತಾಗುತ್ತದೆ. ಆ ಕಾರಣದ ಹೆಸರು ಚಳಿಗಾಲ.

ಚಳಿಗೆ ಮುನ್ನ ಸರಕು

ಇನ್ಸ್‌ಬ್ರುಕ್ ಇರುವುದು ಸುಮಾರು 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಹಗಲು ಎಂಟೂವರೆ ಗಂಟೆ ಮಾತ್ರ. ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 19 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ! ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ಜಾಗಕ್ಕೆ ಹರಡಿಕೊಳ್ಳುವುದರಿಂದ ನೆಲ ಕಾಯುವುದಿಲ್ಲ. ಎರಡೂ ಬದಿಗೆ ಪರ್ವತಗಳಿರುವ ಕಣಿವೆಯಾದರೆ ಆ ಅಷ್ಟು ಬಿಸಿಲಿಗೂ ಅಡ್ಡಿ.

ರೈಲು, ಲಾರಿಗಳಿಲ್ಲದ ಕಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ವಸಂತದವರೆಗೆ ಮನೆಯಲ್ಲಿದ್ದದ್ದೇ ಗತಿ. ಆದ್ದರಿಂದ ಮಾಂಸ, ಬಟ್ಟೆ, ಮೇಣದಬತ್ತಿ, ಮಕ್ಕಳ ಆಟಿಕೆ ಎಲ್ಲವನ್ನೂ ಮೊದಲೇ ಕೊಂಡಿಡಬೇಕಿತ್ತು. ವಿಯೆನ್ನಾದ ವರ್ತಕರಿಗೆ ಡಿಸೆಂಬರ್ ಸಂತೆ ನಡೆಸುವ ಅನುಮತಿ 13ನೇ ಶತಮಾನದ ಕೊನೆಯಲ್ಲೇ ದೊರೆತಿತ್ತು. ಸಾಲ್ಜ್‌ಬರ್ಗ್‌ನ ದೊಡ್ಡ ಇಗರ್ಜಿಯ ಮುಂದಿನ ಸಂತೆಯ ಮೂಲ 15ನೇ ಶತಮಾನದ ಕೊನೆಗೆ ಹೋಗುತ್ತದೆ. ಹಾಗೆಂದು ಎಲ್ಲ ಸಂತೆಗಳೂ ಪುರಾತನವೇನಲ್ಲ. ಬೊಲ್ಜಾನೊದ ವಾಲ್ಟರ್ ಚೌಕದಲ್ಲಿ ಈಗ ನಡೆಯುವ ಸಂತೆ ಆರಂಭವಾದದ್ದು 1991ರಲ್ಲಿ. ಆದರೆ ಇಟಲಿಗೂ ಜರ್ಮನಿಗೂ ನಡುವಿನ ವ್ಯಾಪಾರಕ್ಕೆ ಆ ಊರಿನ ಜಾತ್ರೆಗಳು ಶತಮಾನಗಳಷ್ಟು ಹಿಂದೆಯೇ ಹೆಸರುವಾಸಿಯಾಗಿದ್ದವು.

ತಿಂಡಿಯಲ್ಲಿ ಅಡಗಿದ ವಿಜ್ಞಾನ

ಇನ್ಸ್‌ಬ್ರುಕ್ ಸಂತೆಯಲ್ಲಿ ಹೆಚ್ಚು ಜನ ಮುತ್ತುವುದು 'ಕಿಯಾಖ್ಲ್' ಎಂಬ ತಿಂಡಿಯ ಅಂಗಡಿಗೆ. ಹುದುಗಿಸಿದ ಹಿಟ್ಟನ್ನು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪಗೆ ತಟ್ಟಿ ಕರಿಯುತ್ತಾರೆ. ನಡುವಿನ ಕುಳಿಯಲ್ಲಿ ಹಣ್ಣಿನ ಜಾಮ್ ಅಥವಾ ಹುಳಿ ಕೋಸು ತುಂಬಿ ಕೊಡುತ್ತಾರೆ.

ಈ ಹುಳಿ ಕೋಸು ಏನೆಂದು ಬಲ್ಲಿರಾ? ಎಲೆಕೋಸನ್ನು ಸಣ್ಣಗೆ ಹೆಚ್ಚಿ, ನೂರು ಗ್ರಾಂಗೆ ಸುಮಾರು ಎರಡು ಗ್ರಾಂನಂತೆ ಉಪ್ಪು ಬೆರೆಸಿ, ಗಾಳಿಯಾಡದಂತೆ ಅದುಮಿಟ್ಟರೆ ಉಪ್ಪು ಕೋಸಿನ ನೀರನ್ನು ಹೊರಗೆಳೆಯುತ್ತದೆ. ಆ ಉಪ್ಪುನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲು ಮೊಸರಾಗುವಾಗ ಉಂಟಾಗುವುದೂ ಇದೇ ಆಮ್ಲ. ಈ ಹುಳಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕಲಾರವು. ಹೀಗೆ ಹಸಿರು ತರಕಾರಿಯೇ ಸಿಗದ ತಿಂಗಳುಗಳಲ್ಲೂ ಜನರಿಗೆ ಸಿ ವಿಟಮಿನ್ ದೊರೆಯುತ್ತಿತ್ತು. 1768ರಲ್ಲಿ ಸಮುದ್ರಯಾನಕ್ಕೆ ಹೊರಟ ಕ್ಯಾಪ್ಟನ್ ಜೇಮ್ಸ್ ಕುಕ್, ನಾವಿಕರಿಗೆ ಸ್ಕರ್ವಿ ರೋಗ ಬಾರದಿರಲೆಂದು ಹಡಗಿನಲ್ಲಿ ಒಯ್ದದ್ದೂ ಇದನ್ನೇ. ಈ ಸೀಮೆಯಲ್ಲಿ ಉಪ್ಪಿಗೆ ಎಷ್ಟು ಬೆಲೆ ಇತ್ತೆಂದರೆ ಸಾಲ್ಜ್‌ಬರ್ಗ್ ಎಂಬ ಹೆಸರಿನ ಅರ್ಥವೇ 'ಉಪ್ಪಿನ ಕೋಟೆ'. ಸಮೀಪದ ಬೆಟ್ಟಗಳ ಗಣಿಗಳಿಂದ ತೆಗೆದ ಉಪ್ಪೇ ಆ ನಗರವನ್ನು ಶ್ರೀಮಂತಗೊಳಿಸಿತು.

ಪಕ್ಕದಲ್ಲೇ ಕೆಂಡದ ಮೇಲೆ ಚೆಸ್ಟ್‌ನಟ್ ಕಾಯಿ ಹುರಿಯುವವರಿರುತ್ತಾರೆ. ಹುರಿಯುವ ಮೊದಲು ಪ್ರತಿಯೊಂದು ಕಾಯಿಗೂ ಚಾಕುವಿನಿಂದ ಒಂದು ಸೀಳು ಹಾಕುತ್ತಾರೆ. ಏಕೆ? ಒಳಗಿನ ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚಾಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಕಾಯಿ ಸಿಡಿಯುತ್ತದೆ. ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟ ಮಲೆನಾಡಿನ ಮಕ್ಕಳಿಗೆ ಈ 'ಪಟ್' ಸದ್ದು ಹೊಸದೇನಲ್ಲ.

ದೊಡ್ಡವರು 'ಗ್ಲೂವೈನ್' ಎಂಬ ಬಿಸಿ ದ್ರಾಕ್ಷಾರಸದ ಮದ್ಯ ಕುಡಿಯುತ್ತಾರೆ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಇದನ್ನು ಕುದಿಯಗೊಡುವುದಿಲ್ಲ. ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಮಾತ್ರ ಭ್ರಮೆ. ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿಯ ಅನುಭವವಾಗುತ್ತದೆ, ನಿಜದಲ್ಲಿ ದೇಹದ ಶಾಖ ಬೇಗ ಹೊರಹೋಗುತ್ತದೆ. ಮಕ್ಕಳಿಗೆ ಹಣ್ಣಿನ ರಸಕ್ಕೆ ಮಸಾಲೆ ಹಾಕಿ ಕಾಯಿಸಿದ ಪಾನೀಯ ಬೇರೆಯೇ ಇರುತ್ತದೆ. ಇವನ್ನು ಕೊಡುವುದು ಪ್ಲಾಸ್ಟಿಕ್ ಲೋಟದಲ್ಲಲ್ಲ, ಪಿಂಗಾಣಿ ಮಗ್‌ನಲ್ಲಿ. ಮಗ್‌ಗೆ ಕೆಲವು ಯೂರೋ ಠೇವಣಿ ಇಡಬೇಕು. ಮಗ್ ಹಿಂದಿರುಗಿಸಿದರೆ ಹಣ ವಾಪಸ್. ಕಸವೂ ಇಲ್ಲ, ಜಗಳವೂ ಇಲ್ಲ!

ಪಶ್ಚಿಮ ಘಟ್ಟದ ಮೆಣಸು

'ಲೇಬ್‌ಕೂಖನ್' ಎಂಬ ಜೇನಿನ ಬಿಸ್ಕತ್ತು ಈ ಸಂತೆಗಳ ಇನ್ನೊಂದು ಆಕರ್ಷಣೆ. ಜೇನಿನಲ್ಲಿ ತೇವಾಂಶ ಕಡಿಮೆ, ಹಾಗಾಗಿ ಇದು ವಾರಗಟ್ಟಲೆ ಕೆಡುವುದಿಲ್ಲ. ಇದಕ್ಕೆ 'ಮೆಣಸಿನ ಕೇಕು' ಎಂಬ ಅರ್ಥ ಬರುವ ಹೆಸರೂ ಉಂಟು. ಕೆಲವು ಬಗೆಗಳಲ್ಲಿ ಮೆಣಸಿನ ಸುಳಿವೇ ಇರುವುದಿಲ್ಲ. ಕಾರಣವಿಷ್ಟೆ: ಒಂದು ಕಾಲದಲ್ಲಿ ದೂರದೇಶದ ಎಲ್ಲ ಮಸಾಲೆಗಳಿಗೂ ಅಲ್ಲಿನ ಜನ 'ಮೆಣಸು' ಎಂದೇ ಹೇಳುತ್ತಿದ್ದರು.

ಆ ಮೆಣಸು ಹೋಗುತ್ತಿದ್ದದ್ದು ಎಲ್ಲಿಂದ? ಮಲಬಾರ್ ಮತ್ತು ಕೆನರಾ ಕರಾವಳಿಯ ಬಂದರುಗಳಿಂದ! ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಈಜಿಪ್ಟ್ ದಾಟಿ ವೆನಿಸ್ ತಲುಪಿದ ಕಾಳುಮೆಣಸು, ಅಲ್ಲಿಂದ ಬೊಲ್ಜಾನೊ ಮಾರ್ಗವಾಗಿ 1,370 ಮೀಟರ್ ಎತ್ತರದ ಬ್ರೆನರ್ ಕಣಿವೆಮಾರ್ಗ ಹತ್ತಿ ಇನ್ಸ್‌ಬ್ರುಕ್‌ಗೆ ಇಳಿದು ಜರ್ಮನಿಯ ಊರುಗಳಿಗೆ ಸಾಗುತ್ತಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಸುಮ್ಮನೆ ಅಲ್ಲ.

ರವೆ ತಂದ ಹಿಮ

ಮಕ್ಕಳು ಬಿಟ್ಟು ಕದಲದ ಅಂಗಡಿಯೆಂದರೆ ಹಿಮಗೋಳದ್ದು. ನೀರು ತುಂಬಿದ ಗಾಜಿನ ಗೋಳದೊಳಗೆ ಪುಟ್ಟ ಊರು. ಅಲುಗಿಸಿದರೆ ಹಿಮ ಬಿದ್ದಂತೆ ಬಿಳಿಯ ಚೂರುಗಳು ಇಳಿಯುತ್ತವೆ. ಇಂಥ ಗೋಳಗಳು ಫ್ರಾನ್ಸಿನಲ್ಲಿ ಮೊದಲೇ ಇದ್ದವು. ಆದರೆ ವಿಯೆನ್ನಾದ ಗೋಳದ ಕಥೆ ಬೇರೆ. ಎರ್ವಿನ್ ಪೆರ್ಜಿ ಎಂಬಾತ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುವ ಕುಶಲಕರ್ಮಿ. 1900ರ ಸುಮಾರಿನ ವಿದ್ಯುತ್ ದೀಪಗಳು ಮಂಕಾಗಿದ್ದವು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೆಚ್ಚು ಬೆಳಕು ಕೊಡುವ ಉಪಾಯ ಹುಡುಕುತ್ತಿದ್ದ ಆತನಿಗೆ ಚಮ್ಮಾರರ ಗೋಳ ನೆನಪಾಯಿತು. ನೀರು ತುಂಬಿದ ಗಾಜಿನ ಗೋಳ ಮಸೂರದಂತೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಚಮ್ಮಾರರು ಅದನ್ನು ಮೇಣದಬತ್ತಿಯ ಮುಂದಿಟ್ಟುಕೊಂಡು ಹೊಲಿಗೆ ಹಾಕುತ್ತಿದ್ದರು. ಪೆರ್ಜಿ ಬೆಳಕನ್ನು ಇನ್ನಷ್ಟು ಚೆದುರಿಸಲೆಂದು ನೀರಿಗೆ ಏನೇನೋ ಬೆರೆಸಿ ನೋಡಿದ. ಕೊನೆಗೆ ರವೆ ಹಾಕಿದ. ದೀಪ ಪ್ರಕಾಶಿಸಲಿಲ್ಲ, ಆದರೆ ನೀರಲ್ಲಿ ನೆನೆದ ರವೆ ಹಿಮದಂತೆ ಮೆಲ್ಲಗೆ ಇಳಿಯಿತು! ಆಲ್ಪ್ಸ್‌ನ ಯಾತ್ರಾಸ್ಥಳ ಮಾರಿಯಾಜೆಲ್‌ನ ಇಗರ್ಜಿಯ ಮಾದರಿಯನ್ನು ಒಳಗಿಟ್ಟಾಗ ಹೊಸ ಆಟಿಕೆ ಸಿದ್ಧವಾಯಿತು. ಆತನ ವಂಶದವರು ಇಂದಿಗೂ ವಿಯೆನ್ನಾದಲ್ಲಿ ಈ ಗೋಳಗಳನ್ನು ತಯಾರಿಸುತ್ತಾರೆ. ಹಿಮದ ಚೂರಿನ ಈಗಿನ ಪಾಕ ಮಾತ್ರ ಮನೆತನದ ಗುಟ್ಟು.

ಮರದ ಬೊಂಬೆ, ಬಡತನದ ಹಾಡು

ಬೊಲ್ಜಾನೊ ಸಮೀಪದ ಗಾರ್ಡೇನಾ ಕಣಿವೆಯ ರೈತರು 17ನೇ ಶತಮಾನದಿಂದ ಮರದ ಕೆತ್ತನೆಗೆ ಪ್ರಸಿದ್ಧರು. ಹೊಲಗದ್ದೆ ಹಿಮದಡಿ ಮುಚ್ಚಿಹೋದ ತಿಂಗಳುಗಳಲ್ಲಿ ಕೈಗೆ ಕೆಲಸ, ಹೊಟ್ಟೆಗೆ ಹಿಟ್ಟು ಕೊಟ್ಟದ್ದು ಈ ವಿದ್ಯೆ. ಕ್ರಿಸ್ತಜನನದ ದೃಶ್ಯವಾದ ಗೋದಲಿಯ ಬೊಂಬೆಗಳು ಇವರ ವಿಶೇಷ. 18ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಇಗರ್ಜಿಗಳಲ್ಲಿ ಗೋದಲಿ ಇಡುವುದನ್ನು ನಿಷೇಧಿಸಿದ. ಜನ ಅದನ್ನು ಮನೆಗೊಯ್ದರು! ಇನ್ಸ್‌ಬ್ರುಕ್ ಸುತ್ತಲ ಹಳ್ಳಿಗಳಲ್ಲಿ ದಸರಾ ಗೊಂಬೆ ನೋಡಲು ಹೋದಂತೆ ಮನೆಮನೆಗೆ ಹೋಗಿ ಗೋದಲಿ ನೋಡುವ ಪದ್ಧತಿ ಇಂದಿಗೂ ಇದೆ.

ಸಂತೆಗಳಲ್ಲಿ ಕೇಳಿಬರುವ 'ಸೈಲೆಂಟ್ ನೈಟ್' ಹಾಡು ಹುಟ್ಟಿದ್ದೂ ಈ ಪ್ರದೇಶದಲ್ಲೇ. ಯೋಸೆಫ್ ಮೋರ್ ಎಂಬ ಯುವ ಪಾದ್ರಿ ಇದನ್ನು ಬರೆದದ್ದು 1816ರಲ್ಲಿ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರಿಂದ ವಾಯುಮಂಡಲದ ಮೇಲ್‌ಸ್ತರಕ್ಕೆ ಸೇರಿದ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದಿದ್ದವು. ಯೂರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು. ಯುದ್ಧಗಳಿಂದ ಬಳಲಿದ್ದ ಜನ ಹಸಿವಿನಿಂದ ತತ್ತರಿಸಿದರು. ಎರಡು ವರ್ಷಗಳ ಬಳಿಕ, 1818ರ ಡಿಸೆಂಬರ್ 24ರಂದು ಸಾಲ್ಜ್‌ಬರ್ಗ್ ಸಮೀಪದ ಓಬರ್ನ್‌ಡಾರ್ಫ್‌ನಲ್ಲಿ ಶಾಲಾ ಮಾಸ್ತರ ಫ್ರಾನ್ಜ್ ಗ್ರೂಬರ್ ಸಂಯೋಜಿಸಿದ ರಾಗದಲ್ಲಿ, ಗಿಟಾರ್ ಜೊತೆಗೆ ಅದನ್ನು ಮೊದಲ ಬಾರಿ ಹಾಡಲಾಯಿತು.

ಹಿಮವೇ ಬಾರದಿದ್ದರೆ?

ಕ್ರಿಸ್‌ಮಸ್ ಚಿತ್ರಗಳಲ್ಲಿ ಹಿಮ ಇದ್ದೇ ಇರುತ್ತದೆ. ಆದರೆ ಇನ್ಸ್‌ಬ್ರುಕ್‌ನಲ್ಲಿ ಬಿದ್ದ ಹಿಮ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಕರಗಿಬಿಡುವುದುಂಟು. ಇದು 'ಫೋಹ್ನ್' ಎಂಬ ಬಿಸಿಗಾಳಿಯ ಕೆಲಸ. ಲೆಕ್ಕ ಸರಳ. ದಕ್ಷಿಣದ ಕಡೆಯಿಂದ 5 ಡಿಗ್ರಿಯ ತೇವದ ಗಾಳಿ 2,000 ಮೀಟರ್ ಮೇಲೇರಿತೆನ್ನಿ. ಮೋಡ ಕಟ್ಟುವಾಗ ಶಾಖ ಬಿಡುಗಡೆಯಾಗುವುದರಿಂದ ಅದು ಪ್ರತಿ 100 ಮೀಟರಿಗೆ ಸುಮಾರು 0.6 ಡಿಗ್ರಿಯಷ್ಟೇ ತಣಿದು ಮೈನಸ್ 7 ಡಿಗ್ರಿಗೆ ಇಳಿಯುತ್ತದೆ. ಮಳೆ, ಹಿಮ ಸುರಿಸಿ ಒಣಗಿದ ಅದೇ ಗಾಳಿ ಈಚೆಗೆ 1,700 ಮೀಟರ್ ಕೆಳಗಿಳಿಯುವಾಗ ಪ್ರತಿ 100 ಮೀಟರಿಗೆ 1 ಡಿಗ್ರಿಯಂತೆ ಕಾದು 10 ಡಿಗ್ರಿಗೆ ಏರುತ್ತದೆ. ಹೊರಟಾಗ 5, ತಲುಪಿದಾಗ 10!

ಫೋಹ್ನ್ ಬೀಸುವುದು ನಿಸರ್ಗದ ಕ್ರಮ, ಅದಕ್ಕೆ ಜನ ಒಗ್ಗಿಕೊಂಡಿದ್ದಾರೆ. ಚಿಂತೆಯ ವಿಷಯ ಬೇರೆ. 19ನೇ ಶತಮಾನದ ಕೊನೆಯಿಂದ ಇಲ್ಲಿಯವರೆಗೆ ಆಲ್ಪ್ಸ್ ಪ್ರದೇಶದ ಉಷ್ಣತೆ ಸುಮಾರು 2 ಡಿಗ್ರಿ ಏರಿದೆ. ಇದು ಜಗತ್ತಿನ ಸರಾಸರಿಯ ಸುಮಾರು ಇಮ್ಮಡಿ. ತಗ್ಗಿನ ಊರುಗಳಲ್ಲಿ ಹಿಮ ನೆಲದ ಮೇಲೆ ಉಳಿಯುವ ದಿನಗಳು ಕಡಿಮೆಯಾಗಿವೆ. ಚಳಿಯನ್ನು ಎದುರಿಸಲೆಂದು ಹುಟ್ಟಿದ ಸಂತೆ, ಚಳಿಯೇ ಹಿಂದೆಗೆಯುತ್ತಿರುವ ಕಾಲಕ್ಕೆ ಬಂದು ನಿಂತಿದೆ.

ಇನ್ನೊಂದು ಆತಂಕ ಕೈಕೆಲಸದ್ದು. ಒಂದು ಬೊಂಬೆ ಕೆತ್ತಲು ಕುಶಲಕರ್ಮಿಗೆ ದಿನಗಳೇ ಬೇಕು. ಪಕ್ಕದ ಅಂಗಡಿಯಲ್ಲಿ ಕಾರ್ಖಾನೆಯ ಅಚ್ಚಿನ ಬೊಂಬೆ ಅದರ ಒಂದಂಶ ಬೆಲೆಗೆ ಸಿಗುತ್ತದೆ. ಗಡಿಬಿಡಿಯ ಪ್ರವಾಸಿಗನಿಗೆ ಎರಡೂ ಒಂದೇ. 2020ರಲ್ಲಿ ಕೋವಿಡ್‌ನಿಂದ ಸಂತೆಗಳು ರದ್ದಾದಾಗ ಹೆಚ್ಚು ಪೆಟ್ಟು ತಿಂದದ್ದು ಈ ಒಂದೂವರೆ ತಿಂಗಳ ವ್ಯಾಪಾರವನ್ನೇ ನೆಚ್ಚಿದ್ದ ಸಣ್ಣ ಕಸುಬುದಾರರು. 'ಇದನ್ನು ಯಾರು ಮಾಡಿದರು? ಎಲ್ಲಿ ಮಾಡಿದರು?' ಎಂದು ಕೊಳ್ಳುವವರು ಕೇಳುವುದನ್ನು ಬಿಟ್ಟರೆ ಅಂಗಡಿಗಳು ಉಳಿದಾವು, ಆ ವಿದ್ಯೆ ಉಳಿಯಲಾರದು.

ಹೋಗುವವರಿಗೆ, ಹೋಗದವರಿಗೆ

ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಅಲ್ಲಿಂದ ಬ್ರೆನರ್ ದಾಟಿ ಬೊಲ್ಜಾನೊಗೆ ಇನ್ನೆರಡು ಗಂಟೆ. ಷೆಂಗೆನ್ ವೀಸಾ ಒಂದಿದ್ದರೆ ಎರಡೂ ದೇಶಗಳಿಗೆ ಸಾಕು. ಡಿಸೆಂಬರ್ 24ರ ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಮುಚ್ಚತೊಡಗುತ್ತವೆ, ಆದ್ದರಿಂದ ಅದಕ್ಕೆ ಮೊದಲೇ ಹೋಗುವುದು ಲೇಸು. ವಾರದ ಕೊನೆಯ ನೂಕುನುಗ್ಗಲಿಗಿಂತ ಸೋಮವಾರ, ಮಂಗಳವಾರ ಉತ್ತಮ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಉಟ್ಟ ಬಟ್ಟೆ ಹೆಚ್ಚು ಬೆಚ್ಚಗೆ. ಪದರಗಳ ನಡುವೆ ನಿಂತ ಗಾಳಿ ಶಾಖವನ್ನು ಹೊರಬಿಡುವುದಿಲ್ಲ.

ಹೋಗಲಾಗದ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. ಬಿಳಿ ಗಾಜಿನ ಶೀಸೆಯಲ್ಲಿ ನೀರು ತುಂಬಿ ಒಂದು ಚಮಚ ರವೆ ಹಾಕಿ ಅಲುಗಿಸಿ. ಸಣ್ಣ ರವೆ, ದಪ್ಪ ರವೆಗಳಲ್ಲಿ ಯಾವುದು ಮೊದಲು ತಳ ಸೇರುತ್ತದೆ? ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿದರೆ ಏನಾಗುತ್ತದೆ? ಗಡಿಯಾರ ಹಿಡಿದು ಸಮಯ ಬರೆದಿಡಿ. ಪೆರ್ಜಿ ಮಾಡಿದ್ದೂ ಇಷ್ಟೆ. ಒಂದನ್ನು ಹುಡುಕಹೊರಟ, ಇನ್ನೊಂದು ಕಂಡಿತು. ಕಂಡದ್ದನ್ನು ಆತ ಕಡೆಗಣಿಸಲಿಲ್ಲ.