ಮೆಣಸಿನ ಮೂಟೆ ಇಳಿಸಿದ ಗೋದಾಮು

ಫೋರ್ಟ್ ಕೊಚ್ಚಿಯ ನೀರಂಚಿನಲ್ಲಿರುವ ಆಸ್ಪಿನ್‌ವಾಲ್ ಹೌಸ್ 1867ರಲ್ಲಿ ಇಂಗ್ಲಿಷ್ ವ್ಯಾಪಾರಿಯೊಬ್ಬ ಆರಂಭಿಸಿದ ವಹಿವಾಟಿನ ನೆಲೆ. ಕರಿಮೆಣಸು, ಶುಂಠಿ, ಅರಿಸಿನ, ಕೊಬ್ಬರಿ ಎಣ್ಣೆ, ಮರಮುಟ್ಟುಗಳಿಂದ ತೊಡಗಿದ ವ್ಯಾಪಾರಕ್ಕೆ ಮುಂದೆ ತೆಂಗಿನ ನಾರು, ಕಾಫಿ, ಚಹಾ, ರಬ್ಬರ್ ಕೂಡಿಕೊಂಡವು. 2012ರ ಡಿಸೆಂಬರ್ 12ರಂದು ಇಲ್ಲಿಯ ಗೋದಾಮುಗಳ ಬಾಗಿಲು ಮತ್ತೆ ತೆರೆದದ್ದು ಸರಕಿಗಾಗಿ ಅಲ್ಲ, ಸಮಕಾಲೀನ ಕಲೆಯ ಬಿನಾಲೆಗಾಗಿ.

ಅಳಿವೆಯ ಮರಳು ಬಗೆದ ಮೇಲೆ

ಗೋದಾಮು ಖಾಲಿಯಾದದ್ದಕ್ಕೆ ಕಟ್ಟಡದ ಮುಪ್ಪು ಕಾರಣವಲ್ಲ. ಅಳಿವೆಗೆ ಅಡ್ಡಲಾಗಿದ್ದ ಮರಳದಿಬ್ಬವನ್ನು ದಾಟಲಾಗದೆ ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕುತ್ತಿದ್ದ ಕಾಲದಲ್ಲಿ, ಸರಕನ್ನು ದೋಣಿಗೆ ತುಂಬಿ ಅಲ್ಲಿಯವರೆಗೆ ಒಯ್ಯಬೇಕಿತ್ತು. ನೀರಿಗೆ ಹಿಂಬಾಗಿಲಿದ್ದ ಗೋದಾಮಿಗೆ ಆಗ ಬೆಲೆ. 1920ರ ದಶಕದಲ್ಲಿ ದಿಬ್ಬವನ್ನು ಬಗೆದು ಕಾಲುವೆ ಮಾಡಲಾಯಿತು. 1928ರಲ್ಲಿ ಹಡಗು ಒಳಬಂದರಿಗೆ ಬಂತು. ಬಗೆದ ಹೂಳಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು, ವಹಿವಾಟು ಮೆಲ್ಲನೆ ಅತ್ತ ಸರಿಯಿತು. ಕಂಟೇನರ್ ಬಂದ ಬಳಿಕ ನೀರಂಚಿನ ಉಗ್ರಾಣದ ಅಗತ್ಯ ಇನ್ನೂ ಕುಗ್ಗಿತು. 2011ರಲ್ಲಿ ವಲ್ಲಾರ್‌ಪಾಡಂನಲ್ಲಿ ಕಂಟೇನರ್ ನಿಲ್ದಾಣ ಆರಂಭವಾಯಿತು; ಮರುವರ್ಷವೇ ಬಿನಾಲೆ.

ಬಿಲ್ಲೆಗಾಗಿ ಬಡಿದಾಟ

ಇದು ಕಟ್ಟಡದ ಕಥೆ. ಮೂಟೆ ಹೊತ್ತವರ ಕಥೆ ಬೇರೆಯೇ ಇದೆ. ಕೊಚ್ಚಿ ಬಂದರಿನಲ್ಲಿ ‘ಚಾಪ್ಪ’ ಎಂಬ ಪದ್ಧತಿಯಿತ್ತು. ಕೆಲಸ ಹಂಚುವವನು ನೆರೆದ ಕೂಲಿಕಾರರತ್ತ ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದ; ನೂಕುನುಗ್ಗಲಿನಲ್ಲಿ ಬಿಲ್ಲೆ ಸಿಕ್ಕವನಿಗೆ ಮಾತ್ರ ಅಂದಿನ ಕೂಲಿ. ಇದರ ವಿರುದ್ಧದ ಹೋರಾಟ 1953ರಲ್ಲಿ ಮಟ್ಟಾಂಚೇರಿಯ ಗೋಲಿಬಾರಿನವರೆಗೆ ಹೋಯಿತು. ಹಳೆ ಗೋದಾಮಿನ ಚೆಲುವನ್ನು ಮೆಚ್ಚುವಾಗ ನಾವು ಮರೆಯಬಾರದ ಸಂಗತಿಯಿದು.

ಗಳಿಕೆಯೂ ಕೊರತೆಯೂ

ಬಿನಾಲೆಯಿಂದ ಆದ ಒಳಿತು ಚಿಕ್ಕದಲ್ಲ. ಬಳಕೆಯಿಲ್ಲದ ಹೆಂಚಿನ ಮಾಡು ಕರಾವಳಿಯ ಮಳೆಯನ್ನು ಹೆಚ್ಚು ಕಾಲ ತಾಳದು. ಜನ ಓಡಾಡಿದರಷ್ಟೇ ರಿಪೇರಿಯೂ ನಡೆಯುತ್ತದೆ. ಎತ್ತರದ ಮಾಡು, ಉದ್ದನೆಯ ಕೋಣೆಗಳು ಕಲಾಕೃತಿಗಳಿಗೆ ಒಪ್ಪುತ್ತವೆ. ಆದರೆ ಪ್ರದರ್ಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಕೆಲವೇ ತಿಂಗಳು. ಗೋದಾಮು ದಿನವೂ ಕೂಲಿ ಕೊಡುತ್ತಿತ್ತು, ಎಷ್ಟೇ ಕ್ರೂರವಾಗಿ ಕೊಟ್ಟರೂ. ಹೊಸ ಬಳಕೆ ಕಟ್ಟಡವನ್ನು ಉಳಿಸಿದೆ. ಆ ಕೂಲಿಯ ಜಾಗವನ್ನು ಅದು ತುಂಬಲಾರದು. ಆದರೂ ಕೆಡವುವುದಕ್ಕಿಂತ ಇದೇ ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮ ಮಂಗಳೂರಿನ ಬಂದರು ಪ್ರದೇಶದಲ್ಲೂ ಹೆಂಚಿನ ಗೋದಾಮುಗಳಿವೆ. 1970ರ ದಶಕದಲ್ಲಿ ಪಣಂಬೂರಿಗೆ ದೊಡ್ಡ ವಹಿವಾಟು ಸರಿದ ಮೇಲೆ ಹಳೆ ದಕ್ಕೆಗೆ ಉಳಿದದ್ದು ಮೀನುಗಾರಿಕೆ ದೋಣಿಗಳು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು. ಆ ಗೋದಾಮುಗಳಿಗೆ ಹೊಸ ಬಳಕೆ ಹುಡುಕುವವರು, ಅಲ್ಲಿ ಮೂಟೆ ಹೊತ್ತ ಹಿರಿಯರು ಇರುವಾಗಲೇ ಅವರ ಮಾತನ್ನು ಮೊದಲು ಕೇಳಿ ಬರೆದಿಡಲಿ.